ರಿಂಗ್ ಹರಿಯದೆ ತೆರೆದುಕೊಳ್ಳುವ ಎಣ್ಣೆ ಬಾಟಲಿ: ತಪ್ಪು ಮುಚ್ಚಳದ್ದೋ, ಕೊರಳಿನದೋ?

ಕುಷ್ಟಗಿಯ ಗಾಣದಾಕೆ

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು ಎರಡು ಮರದ ಗಾಣಗಳ ಸಣ್ಣ ಘಟಕ. ಕುಸುಬಿ ಮತ್ತು ಶೇಂಗಾ ಎಣ್ಣೆಯನ್ನು ಒಂದು ಲೀಟರ್ ಮತ್ತು ಅರ್ಧ ಲೀಟರಿನ ಪೆಟ್ ಬಾಟಲಿಗಳಲ್ಲಿ ತುಂಬಿ ಕೊಪ್ಪಳ, ಗಂಗಾವತಿ ಮತ್ತು ಸಿಂಧನೂರಿನ ಅಂಗಡಿಗಳಿಗೆ ಕಳಿಸುತ್ತೇವೆ. ಕಳೆದ ತಿಂಗಳು ಗಿರಾಕಿಯೊಬ್ಬರು ಅರ್ಧ ಖಾಲಿಯಾದ ಬಾಟಲಿಯನ್ನು ಹಿಡಿದುಕೊಂಡು ನೇರವಾಗಿ ಗಾಣಕ್ಕೇ ಬಂದು, ಇದು ಕುಸುಬಿ ಎಣ್ಣೆಯೇ ಅಲ್ಲ ಎಂದರು. ಮೂಸಿ ನೋಡಿದೆ, ಅವರ ಮಾತು ನಿಜವಾಗಿತ್ತು. ಲೇಬಲ್ ನಮ್ಮದು, ಬಾಟಲಿ ನಮ್ಮದು, ಒಳಗಿನ ಎಣ್ಣೆ ಮಾತ್ರ ನಮ್ಮದಲ್ಲ. ಮುಚ್ಚಳದ ಕೆಳಗಿನ ರಿಂಗ್ ಹರಿದಿರಲೇ ಇಲ್ಲವೆಂದೂ, ತಾವು ಮೊದಲ ಸಲ ತಿರುಗಿಸಿದಾಗ ಅದು ಮುಚ್ಚಳದ ಜೊತೆಗೇ ಇಡಿಯಾಗಿ ಮೇಲೆ ಬಂತೆಂದೂ ಅವರು ಹೇಳಿದರು.

ಅವರು ಹೋದ ಮೇಲೆ ಗೋದಾಮಿನಲ್ಲಿದ್ದ ಒಂದು ಪೆಟ್ಟಿಗೆಯನ್ನು ಒಡೆದು 24 ಬಾಟಲಿಗಳನ್ನೂ ಒಂದೊಂದಾಗಿ ತೆರೆದೆ. 15 ಬಾಟಲಿಗಳಲ್ಲಿ ರಿಂಗ್ ಚಟಚಟನೆ ಹರಿದು ಕೊರಳಿನಲ್ಲೇ ಉಳಿಯಿತು, 9 ಬಾಟಲಿಗಳಲ್ಲಿ ಹರಿಯದೆ ಕೈಗೆ ಬಂತು. ಆ ಒಂಬತ್ತನ್ನು ಮತ್ತೆ ಮುಚ್ಚಿಟ್ಟರೆ ತೆರೆದದ್ದೆಂದು ನನಗೇ ಗುರುತು ಸಿಗಲಿಲ್ಲ. ಮಾರಿದವರನ್ನು ಕೇಳಿದರೆ, ಬಾಟಲಿಯೂ 28 ಮಿಲಿಮೀಟರ್, ಕ್ಯಾಪೂ 28 ಮಿಲಿಮೀಟರ್, ಇನ್ನೇನು ಬೇಕು ಎನ್ನುತ್ತಾರೆ. ಕ್ಯಾಪ್ ಬದಲಿಸಬೇಕೋ, ಬಾಟಲಿ ಬದಲಿಸಬೇಕೋ, ಬಿಗಿಯುವ ಯಂತ್ರದಲ್ಲಿ ದೋಷವಿದೆಯೋ ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಗಂಗಾವತಿಯ ಕಿರಾಣಿ ಅಂಗಡಿ

ಅಕ್ಕನವರೇ, ಎಣ್ಣೆ ಬದಲಾದದ್ದು ಅಂಗಡಿಯಲ್ಲೇ ಎಂದು ಎಲ್ಲರೂ ನಮ್ಮ ಕಡೆಗೆ ಬೆರಳು ತೋರಿಸುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಗಾಣದ ಕುಸುಬಿ ಎಣ್ಣೆಗೂ ಪಾಮೆಣ್ಣೆಗೂ ಹತ್ತಿಕಾಳಿನ ಎಣ್ಣೆಗೂ ದರದಲ್ಲಿ ಇರುವ ಅಂತರವನ್ನು ನೋಡಿದರೆ, ಸಾಗಿಸುವವರಿಂದ ಹಿಡಿದು ಖಾಲಿ ಬಾಟಲಿ ಆಯುವವರ ವರೆಗೆ ಯಾರಿಗಾದರೂ ಆಸೆ ಹುಟ್ಟಬಹುದು. ನಮಗೆ ಬೇಕಾಗಿರುವುದು ಇಷ್ಟೇ: ಪೆಟ್ಟಿಗೆ ಇಳಿಸಿಕೊಳ್ಳುವಾಗ ಮುಚ್ಚಳವನ್ನು ಮುಟ್ಟದೆ, ಕಣ್ಣಿನಿಂದಲೇ ಸೀಲ್ ಸರಿಯಿದೆಯೇ ಇಲ್ಲವೇ ಎಂದು ತಿಳಿಯುವಂತಿರಬೇಕು. ಬಿಳಿ ಕ್ಯಾಪಿಗೆ ಬಿಳಿ ರಿಂಗ್ ಇರುವಾಗ ಸಂಜೆಯ ಬೆಳಕಿನಲ್ಲಿ ಏನು ಕಂಡೀತು?

ಬಳ್ಳಾರಿಯ ಅಚ್ಚು ಕೆಲಸದವ

ಕ್ಯಾಪ್ ಮತ್ತು ಪ್ರಿಫಾರ್ಮ್ (ಊದಿ ಬಾಟಲಿ ಮಾಡುವ ಮೊದಲಿನ ಪ್ಲಾಸ್ಟಿಕ್ ಕೊಳವೆ) ಅಚ್ಚುಗಳ ದುರಸ್ತಿಯಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ಅಕ್ಕನವರ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆ ರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಮಾರುವವರಲ್ಲೂ ಅನೇಕರು ಅದನ್ನು ಕ್ಯಾಪಿನ ಒಂದು ಗುಣವೆಂದೇ ತಿಳಿದಿದ್ದಾರೆ.

ಪೆಟ್ ಬಾಟಲಿಯ ಕೊರಳನ್ನು ಹತ್ತಿರದಿಂದ ನೋಡಿದರೆ ಮೇಲಿನಿಂದ ಕೆಳಕ್ಕೆ ಮೂರು ಅಂಗಗಳು ಕಾಣುತ್ತವೆ. ಮೊದಲು ಮುಚ್ಚಳ ತಿರುಗಿ ಕೂರುವ ಥ್ರೆಡ್, ಅದರ ಕೆಳಗೆ ಸುತ್ತಲೂ ಓಡುವ ಒಂದು ಸಣ್ಣ ಏಣು, ಅದಕ್ಕೂ ಕೆಳಗೆ ಅಗಲವಾದ ಆಧಾರ ಉಂಗುರ. ಆಧಾರ ಉಂಗುರ ಇರುವುದು ಯಂತ್ರವು ಬಾಟಲಿಯನ್ನು ಹಿಡಿದು ಸಾಗಿಸುವುದಕ್ಕಾಗಿ. ನಮ್ಮ ವಿಷಯದ ಜೀವಾಳ ನಡುವಿನ ಏಣು. ಅದರ ಮೇಲಿನ ಮೈ ಇಳಿಜಾರಾಗಿರುತ್ತದೆ, ಕೆಳಗಿನ ಮೈ ಹೆಚ್ಚುಕಡಿಮೆ ಅಡ್ಡಕ್ಕೆ ಕತ್ತರಿಸಿದಂತೆ ಇರುತ್ತದೆ. ಕ್ಯಾಪ್ ಬಿಗಿಯುವಾಗ ರಿಂಗಿನ ಒಳಗಿನ ಮಡಿಕೆಗಳು ಇಳಿಜಾರಿನ ಮೇಲೆ ಜಾರಿ ಏಣನ್ನು ದಾಟಿ ಅದರ ಕೆಳಗೆ ಕೂರುತ್ತವೆ. ತೆರೆಯುವಾಗ ಕ್ಯಾಪ್ ಮೇಲೇಳುತ್ತದೆ, ಮಡಿಕೆಗಳು ಏಣಿನ ಚಪ್ಪಟೆ ಮೈಗೆ ಸಿಕ್ಕಿಕೊಳ್ಳುತ್ತವೆ, ಕ್ಯಾಪನ್ನೂ ರಿಂಗನ್ನೂ ಬೆಸೆದಿರುವ ಸಣ್ಣ ಸಣ್ಣ ಸೇತುವೆಗಳು ಒಂದೊಂದಾಗಿ ಹರಿಯುತ್ತವೆ. ಆ ಚಟಚಟ ಸದ್ದು ಅದೇ.

ಆದ್ದರಿಂದ ರಿಂಗ್ ಹರಿಯಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ರಿಂಗ್ ಏಣಿನ ಕೆಳಗೆ ಹೋಗಿರಬೇಕು, ಮತ್ತು ಸೇತುವೆಗಳ ಒಟ್ಟು ಬಲವು ರಿಂಗ್ ಹಿಗ್ಗಿ ಏಣನ್ನು ಹಾರಿಕೊಂಡು ಬರಲು ಬೇಕಾದ ಬಲಕ್ಕಿಂತ ಸ್ಪಷ್ಟವಾಗಿ ಕಡಿಮೆಯಿರಬೇಕು. ಸೀಲ್ ಗಟ್ಟಿಯಾಗಬೇಕೆಂದು ಸೇತುವೆಗಳನ್ನು ದಪ್ಪ ಮಾಡಿಸುವವರನ್ನು ನಾನು ಕಂಡಿದ್ದೇನೆ. ಅವರು ತಮಗೆ ಬೇಕಾದುದಕ್ಕೆ ವಿರುದ್ಧವಾದುದನ್ನೇ ಮಾಡಿಸಿಕೊಳ್ಳುತ್ತಾರೆ. ಸೇತುವೆ ಹರಿಯಲು ಒಪ್ಪದಿದ್ದರೆ ರಿಂಗ್ ಹಿಗ್ಗುತ್ತದೆ.

ಅಕ್ಕನವರು ದಯವಿಟ್ಟು ಒಂದು ವರ್ನಿಯರ್ ತೆಗೆದುಕೊಂಡು, ರಿಂಗ್ ಹರಿದ ಒಂದು ಬಾಟಲಿ ಮತ್ತು ಹರಿಯದ ಒಂದು ಬಾಟಲಿಯಲ್ಲಿ ಬಾಯಿಯ ಅಂಚಿನಿಂದ ಆಧಾರ ಉಂಗುರದ ತಳದ ವರೆಗಿನ ಎತ್ತರವನ್ನು ಅಳೆದು ತಿಳಿಸಲಿ.

ಕುಷ್ಟಗಿಯ ಗಾಣದಾಕೆ

ಪಕ್ಕದ ಮೋಟಾರು ರಿಪೇರಿ ಅಂಗಡಿಯಿಂದ ವರ್ನಿಯರ್ ತಂದು ಅಳೆದೆ. ಹರಿದ ಹದಿನೈದೂ 17 ಮಿಲಿಮೀಟರಿನ ಆಸುಪಾಸು ಬಂದವು. ಹರಿಯದ ಒಂಬತ್ತರಲ್ಲಿ ಏಳು 21 ಮಿಲಿಮೀಟರ್ ಬಂದವು, ಉಳಿದ ಎರಡು ಮತ್ತೆ 17. ಈಗ ನೆನಪಾಗುತ್ತಿದೆ: ಹಬ್ಬದ ಸಮಯದಲ್ಲಿ ಬಾಟಲಿ ಸಾಲದೆ ಬೇರೊಬ್ಬರಿಂದ ಎರಡು ಚೀಲ ತರಿಸಿದ್ದೆವು. ಕೊರಳು ಸ್ವಲ್ಪ ಉದ್ದವಿದೆ ಎಂದು ಕೆಲಸದ ಹುಡುಗಿ ಆಗಲೇ ಹೇಳಿದ್ದಳು. ಮುಚ್ಚಳ ಕೂರುತ್ತದೆಯಲ್ಲ ಎಂದು ನಾನೇ ಸುಮ್ಮನಾಗಿಸಿದ್ದೆ.

ಬಳ್ಳಾರಿಯ ಅಚ್ಚು ಕೆಲಸದವ

ಏಳು ಬಾಟಲಿಗಳ ರೋಗ ಸಿಕ್ಕಂತಾಯಿತು. 28 ಮಿಲಿಮೀಟರ್ ಎಂಬ ಹೆಸರಿನಲ್ಲಿ ನಮ್ಮ ಕಡೆ ಮುಖ್ಯವಾಗಿ ಎರಡು ಕೊರಳುಗಳು ಓಡಾಡುತ್ತವೆ. ಹಳೆಯದು ಪಿಸಿಒ 1810 ಎಂಬ ಮಾದರಿ, ಅದರ ಎತ್ತರ 21 ಮಿಲಿಮೀಟರ್, ತೂಕ ಸುಮಾರು 5 ಗ್ರಾಂ. ಪ್ಲಾಸ್ಟಿಕ್ ಉಳಿಸಲೆಂದು ಬಂದ ಗಿಡ್ಡ ಕೊರಳು ಪಿಸಿಒ 1881, ಎತ್ತರ 17 ಮಿಲಿಮೀಟರ್, ತೂಕ 4 ಗ್ರಾಂಗಿಂತ ತುಸು ಕಡಿಮೆ. ಥ್ರೆಡ್ಡಿನ ಹೊರವ್ಯಾಸ ಎರಡರಲ್ಲೂ ಒಂದೇ ಇರುವುದರಿಂದ ಒಂದರ ಕ್ಯಾಪ್ ಇನ್ನೊಂದರ ಮೇಲೆ ಏರುತ್ತದೆ, ಮೋಸವಾಗುವುದು ಅಲ್ಲೇ. ಹಳೆಯದರಲ್ಲಿ ಒಂದು ಸುತ್ತಿಗೆ ಮುಚ್ಚಳ 3.18 ಮಿಲಿಮೀಟರ್ ಕೆಳಗಿಳಿದರೆ ಹೊಸದರಲ್ಲಿ 2.7 ಮಿಲಿಮೀಟರ್ ಇಳಿಯುತ್ತದೆ. ಹೆಜ್ಜೆ ಹೊಂದದ ಎರಡು ಥ್ರೆಡ್ಡುಗಳು ಒಂದನ್ನೊಂದು ಉಜ್ಜಿಕೊಂಡು ಬಿಗಿಯಾಗುತ್ತವೆ, ಬಿಗಿದ ಕೈಗೆ ಕೆಲಸ ಮುಗಿದಂತೆ ಅನಿಸುತ್ತದೆ. ಅಷ್ಟರಲ್ಲಿ ಗಿಡ್ಡ ಕ್ಯಾಪಿನ ರಿಂಗ್ ಉದ್ದ ಕೊರಳಿನ ಏಣನ್ನು ತಲುಪಿಯೇ ಇರುವುದಿಲ್ಲ, ಅದರ ಮೇಲೆಯೇ ನಿಂತಿರುತ್ತದೆ. ಸಿಕ್ಕಿಕೊಳ್ಳದ ರಿಂಗ್ ಹರಿಯುವುದಾದರೂ ಹೇಗೆ?

ಗಂಗಾವತಿಯ ಅಣ್ಣನವರಿಗೆ ಕಣ್ಣಳತೆಯ ಗುರುತೂ ಇಲ್ಲೇ ಇದೆ. ಸರಿಯಾಗಿ ಕೂತ ಕ್ಯಾಪಿನಲ್ಲಿ ರಿಂಗಿನ ಕೆಳಅಂಚಿಗೂ ಆಧಾರ ಉಂಗುರಕ್ಕೂ ನಡುವೆ ಉಳಿಯುವ ಸಂದು ಬಹಳ ಕಿರಿದು, ಮತ್ತು ಸುತ್ತಲೂ ಒಂದೇ ಸಮ. ಬೆರಳಿನ ಉಗುರು ಸಲೀಸಾಗಿ ಹೋಗುವಷ್ಟು ಸಂದು ಕಂಡರೆ ಆ ಪೆಟ್ಟಿಗೆಯನ್ನು ಇಳಿಸಿಕೊಳ್ಳಬೇಡಿ.

ಉಳಿದ ಎರಡು ಬಾಟಲಿಗಳು ನನ್ನನ್ನು ಹೆಚ್ಚು ಕಾಡುತ್ತಿವೆ, ಏಕೆಂದರೆ ಅಲ್ಲಿ ಕೊರಳೂ ಕ್ಯಾಪೂ ಹೊಂದಿಯೇ ರಿಂಗ್ ಸೋತಿದೆ. ಕೊರಳಿಗೆ ಎಣ್ಣೆ ಅಂಟಿತ್ತೇ? ಗೋದಾಮು ತಗಡಿನದೇ?

ಕುಷ್ಟಗಿಯ ಗಾಣದಾಕೆ

ಎರಡಕ್ಕೂ ಹೌದೆಂದೇ ಹೇಳಬೇಕು. ತುಂಬುವಾಗ ಕೊನೆಯ ಹನಿಗಳು ಕೊರಳ ಮೇಲೆ ಇಳಿಯುತ್ತವೆ. ಬಟ್ಟೆಯಿಂದ ಒರೆಸುತ್ತೇವೆ, ಆದರೆ ಥ್ರೆಡ್ಡಿನ ಸಂದುಗಳಿಗೆ ಬಟ್ಟೆ ಹೋಗುವುದಿಲ್ಲ. ಗೋದಾಮಿಗೆ ತಗಡಿನ ಮಾಡು. ನಮ್ಮ ಕಡೆಯ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ರಾಯಚೂರಿನ ನೀರಿನ ಘಟಕದವರು

ನಾವು ತುಂಬುವುದು ನೀರು, ಎಣ್ಣೆಯಲ್ಲ, ಆದರೂ ಬಿಸಿಲಿನ ಪಾಠ ನಮಗೂ ಆಗಿದೆ. ಕ್ಯಾಪಿಗೆ ಬಳಸುವ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ 130 ಡಿಗ್ರಿಯ ಹತ್ತಿರ ಕರಗುತ್ತದೆ ಎಂದಾಕ್ಷಣ 45 ಡಿಗ್ರಿಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ ಎಂದು ತಿಳಿಯಬಾರದು. ಕರಗುವುದಕ್ಕೆ ಬಹಳ ಮೊದಲೇ ಅದರ ಗಡಸುತನ ಇಳಿಯುತ್ತ ಬರುತ್ತದೆ, ರಿಂಗ್ ಹಿಗ್ಗಲು ಸುಲಭವಾಗುತ್ತದೆ, ಮೆತ್ತಗಾದ ಸೇತುವೆಯೂ ತುಂಡಾಗುವ ಬದಲು ನೂಲಿನಂತೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಣ್ಣೆಯ ಜಾರಿಕೆಯೂ ಸೇರಿದರೆ ಮಡಿಕೆಗಳು ಏಣನ್ನು ಹಿಡಿದು ನಿಲ್ಲುವುದು ಕಷ್ಟ. ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಕ್ಯಾಪ್ ಬಿಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ತೀರ ಚಳಿಯಲ್ಲಿ ಅದು ಸಿಡಿಯಬಹುದೆಂಬ ಆಕ್ಷೇಪವಿದೆ, ಆದರೆ ನಮ್ಮ ಜಿಲ್ಲೆಗಳಲ್ಲಿ ಅಂತಹ ಚಳಿಯನ್ನು ಯಾರು ಕಂಡಿದ್ದಾರೆ.

ಬಿಗಿಯುವ ಬಲದ ಬಗ್ಗೆಯೂ ಒಂದು ಮಾತು. ಮಿಲಿಮೀಟರಿನಲ್ಲಿ ಕ್ಯಾಪಿನ ವ್ಯಾಸ ಎಷ್ಟಿದೆಯೋ ಅದರ ಅರ್ಧದಷ್ಟು ಇಂಚು-ಪೌಂಡ್ (ತಿರುಚುವ ಬಲದ ಅಳತೆ) ಬಲದಿಂದ ಬಿಗಿಯುವುದು ಈ ಕಸುಬಿನ ರೂಢಿಯ ಲೆಕ್ಕ. ಅಂದರೆ 28ಕ್ಕೆ 14ರ ಆಸುಪಾಸು. ಪ್ಲಾಸ್ಟಿಕ್ ನಿಧಾನವಾಗಿ ಸಡಿಲಗೊಳ್ಳುವುದರಿಂದ ಮರುದಿನ ತೆರೆಯಲು ಬೇಕಾಗುವ ಬಲ ಅದಕ್ಕಿಂತ ಕಡಿಮೆ ಬರುವುದು ಸಹಜ. ಪರೀಕ್ಷೆಯನ್ನು ಮರುದಿನವೇ ಮಾಡಿ. ಸೋರಿಕೆಗೆ ಹೆದರಿ ಇನ್ನಷ್ಟು ಬಿಗಿದರೆ ಸೇತುವೆಗಳು ಬಿಗಿಯುವಾಗಲೇ ಬಿರುಕು ಬಿಟ್ಟು ಲಾರಿಯ ಕುಲುಕಾಟದಲ್ಲಿ ತಾವಾಗಿಯೇ ಹರಿಯುತ್ತವೆ. ಯಾರೂ ಮುಟ್ಟದ ಬಾಟಲಿ ಮುಟ್ಟಿದಂತೆ ಕಾಣುತ್ತದೆ. ಹೀಗೆ ಒಮ್ಮೆ ನಮ್ಮ ಒಂದು ಇಡೀ ಲೋಡ್ ಮರಳಿ ಬಂದಿತ್ತು.

ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಎಣ್ಣೆಗೆಂದೇ ಹೊಸ ಕೊರಳು ಮತ್ತು ಕ್ಯಾಪನ್ನು ವಿನ್ಯಾಸ ಮಾಡಬೇಕೆಂದಿದ್ದೇನೆ. ಏಣನ್ನು ಇನ್ನಷ್ಟು ಹೊರಕ್ಕೆ ಚಾಚಿದರೆ ರಿಂಗ್ ಎಂದಿಗೂ ಹಾರಿಬರುವುದಿಲ್ಲವಲ್ಲವೇ? ಅಲ್ಲದೆ, ವಿದೇಶದಿಂದ ತಂದ ಬಾಟಲಿಯೊಂದರಲ್ಲಿ ತೆರೆದ ಮೇಲೂ ಕ್ಯಾಪ್ ರಿಂಗಿಗೆ ಕಟ್ಟಿಕೊಂಡೇ ಇತ್ತು. ಅದೂ ಸೀಲಿನ ಒಂದು ಬಗೆಯೇ?

ಬಳ್ಳಾರಿಯ ಅಚ್ಚು ಕೆಲಸದವ

ತಮ್ಮಾ, ಕಡೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಸೀಲಿಗಾಗಿ ಅಲ್ಲ, ಕಸ ತಡೆಯುವುದಕ್ಕಾಗಿ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದಂತೆ 3 ಲೀಟರ್ ವರೆಗಿನ ಪಾನೀಯದ ಬಾಟಲಿಗಳಲ್ಲಿ ಮುಚ್ಚಳ ಬಾಟಲಿಗೆ ಅಂಟಿಕೊಂಡೇ ಇರಬೇಕೆಂಬ ನಿಯಮ 2024ರ ಜುಲೈ 3ರಿಂದ ಜಾರಿಗೆ ಬಂದಿದೆ. ಅಲ್ಲಿ ಕೆಲವು ಸೇತುವೆಗಳು ಹರಿಯುತ್ತವೆ, ಒಂದೆರಡು ಪಟ್ಟಿಗಳು ಬೇಕೆಂದೇ ಉಳಿಯುತ್ತವೆ.

ಇನ್ನು ಏಣಿನ ವಿಚಾರ. ಪ್ರಮಾಣಿತ 28ರ ಕೊರಳಿನಲ್ಲಿ ಏಣು ಥ್ರೆಡ್ಡಿಗಿಂತ ಹೊರಕ್ಕೆ ಚಾಚಿರುವುದು ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟು ಮಾತ್ರ. ಅದನ್ನು ಹೆಚ್ಚಿಸಿದರೆ ರಿಂಗ್ ಮೇಲೆ ಬರುವುದು ಕಷ್ಟವಾಗುತ್ತದೆ ನಿಜ, ಆದರೆ ಕೆಳಗೆ ಹೋಗುವುದೂ ಅಷ್ಟೇ ಕಷ್ಟವಾಗುತ್ತದೆ. ಬಿಗಿಯುವಾಗ ಏಣು ರಿಂಗನ್ನು ಮೇಲಕ್ಕೆ ಒತ್ತುತ್ತದೆ, ಆ ಒತ್ತಡವನ್ನೆಲ್ಲ ಎಳೆಯಂತಹ ಸೇತುವೆಗಳು ಹೊತ್ತರೆ ಅಲ್ಲೇ ಮುರಿಯುತ್ತವೆ. ಇದಕ್ಕಾಗಿಯೇ ಒಳ್ಳೆಯ ಕ್ಯಾಪಿನಲ್ಲಿ ಸೇತುವೆಗಳ ನಡುನಡುವೆ ಸಣ್ಣ ಮೋಟು ಗೂಟಗಳಿರುತ್ತವೆ. ಅವು ಒಂದು ಕಡೆಗೆ ಮಾತ್ರ ಅಂಟಿರುತ್ತವೆ. ಬಿಗಿಯುವಾಗ ಒತ್ತಡ ಹೊರುತ್ತವೆ, ತೆರೆಯುವಾಗ ಯಾವ ಹಿಡಿತವನ್ನೂ ಕೊಡುವುದಿಲ್ಲ. ನನ್ನ ಕಸುಬಿನಲ್ಲಿ ನಾನು ಅತ್ಯಂತ ಮೆಚ್ಚುವ ಉಪಾಯ ಇದು, ಆದರೆ ಕ್ಯಾಪ್ ಕೊಳ್ಳುವವರಲ್ಲಿ ನೂರಕ್ಕೆ ಒಬ್ಬರೂ ಅದನ್ನು ಗಮನಿಸಿರುವುದಿಲ್ಲ.

ಇನ್ನೊಂದು ಲೆಕ್ಕವನ್ನು ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಸೇತುವೆ ಹರಿಯುವ ಗಳಿಗೆ ಬಾಯಿಯ ಸೀಲ್ ಬಿಡುವ ಗಳಿಗೆಗಿಂತ ಮೊದಲು ಬರಬೇಕು. ಒಂದು ಸುತ್ತಿಗೆ 2.7 ಮಿಲಿಮೀಟರ್ ಏರುವ ಥ್ರೆಡ್ಡಿನಲ್ಲಿ ಕಾಲು ಸುತ್ತಿಗೆ ಕ್ಯಾಪ್ ಏರುವುದು ಮುಕ್ಕಾಲು ಮಿಲಿಮೀಟರಿಗಿಂತಲೂ ಕಡಿಮೆ. ಮಡಿಕೆಗೂ ಏಣಿಗೂ ನಡುವೆ ನೀವು ಒಂದೂವರೆ ಮಿಲಿಮೀಟರ್ ಸಡಿಲ ಬಿಟ್ಟರೆ ಅರ್ಧ ಸುತ್ತು ದಾಟುವ ವರೆಗೆ ರಿಂಗಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅಷ್ಟರಲ್ಲಿ ಒಳಗಿನ ಸೀಲ್ ಸಡಿಲಗೊಂಡಿದ್ದರೆ, ಬಾಟಲಿಯನ್ನು ತೆರೆದು, ಮಾಡಬೇಕಾದುದನ್ನು ಮಾಡಿ, ಮತ್ತೆ ಮುಚ್ಚಬಹುದು; ರಿಂಗ್ ಮಾತ್ರ ಸಾಕ್ಷಿಯಂತೆ ಅಖಂಡವಾಗಿ ಕುಳಿತಿರುತ್ತದೆ.

ಅಚ್ಚಿನ ಸವೆತವನ್ನೂ ಮರೆಯಬೇಡಿ. ಕೊರಳು ರೂಪುಗೊಳ್ಳುವುದು ಬಾಟಲಿ ಊದುವಾಗ ಅಲ್ಲ, ಅದಕ್ಕೂ ಮೊದಲು ಪ್ರಿಫಾರ್ಮ್ ಅಚ್ಚಿನಲ್ಲಿ. ಆ ಅಚ್ಚಿನ ಎರಡು ಹೋಳುಗಳು ಸವೆದರೆ ಏಣಿನ ಕೆಳಅಂಚು ದುಂಡಗಾಗುತ್ತದೆ, ದುಂಡು ಅಂಚಿನ ಮೇಲೆ ಮಡಿಕೆ ನಿಲ್ಲದೆ ಜಾರುತ್ತದೆ. ಕ್ಯಾಪಿನ ಕಡೆಯೂ ಹಾಗೆಯೇ. ಅನೇಕ ಕಾರ್ಖಾನೆಗಳಲ್ಲಿ ಕ್ಯಾಪನ್ನು ರಿಂಗಿನ ಸಮೇತ ಒಂದೇ ತುಂಡಾಗಿ ತೆಗೆದು, ಆಮೇಲೆ ಬ್ಲೇಡಿನ ಎದುರು ಉರುಳಿಸಿ ಸೀಳುತ್ತಾರೆ, ಸೀಳದೆ ಬಿಟ್ಟ ಭಾಗಗಳೇ ಸೇತುವೆಗಳಾಗುತ್ತವೆ. ಬ್ಲೇಡ್ ಮೊಂಡಾದ ವಾರದ ಕ್ಯಾಪೂ ಹೊಸ ಬ್ಲೇಡಿನ ವಾರದ ಕ್ಯಾಪೂ ನೋಡಲು ಒಂದೇ, ಹರಿಯುವ ಬಲ ಒಂದೇ ಅಲ್ಲ. ಹೊಸ ಕೊರಳಿನ ಪ್ರಿಫಾರ್ಮ್ ಅಚ್ಚು ಮಾಡಿಸುವುದು ಗಾಣದವರ ಕೈಗೆಟಕುವ ಮಾತಲ್ಲ. ಇರುವ ಕೊರಳಿಗೆ ತಕ್ಕ ಕ್ಯಾಪಿನ ರಿಂಗನ್ನು ಎಣ್ಣೆಗೂ ಬಿಸಿಲಿಗೂ ಒಗ್ಗಿಸುವುದು ಒಳ್ಳೆಯ ಪ್ರಾಜೆಕ್ಟಾದೀತು.

ಬಳ್ಳಾರಿಯ ಆಹಾರ ಪರೀಕ್ಷೆಯವರು

ಇದು ಬರಿಯ ವ್ಯಾಪಾರದ ನಷ್ಟದ ವಿಷಯವಲ್ಲ ಎಂಬುದನ್ನು ಸೇರಿಸಲು ಬಯಸುತ್ತೇನೆ. 1982ರಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಔಷಧದ ಕ್ಯಾಪ್ಸೂಲ್‌ಗಳಿಗೆ ಯಾರೋ ಸಯನೈಡ್ ಸೇರಿಸಿದ್ದರಿಂದ ಏಳು ಜನ ಸತ್ತರು. ಅಂಗಡಿಯಲ್ಲಿ ಕೊಳ್ಳುವ ಔಷಧಗಳ ಪೊಟ್ಟಣದ ನಿಯಮ ಆ ವರ್ಷವೇ ಬಂತು. ಆ ನಿಯಮದಲ್ಲಿ ಮೊದಲು ಇದ್ದ ಪದ ಕೈಯಾಡಿಸುವುದನ್ನು ತಡೆಯುವ ಪೊಟ್ಟಣ ಎಂಬ ಅರ್ಥದ್ದು. 1998ರಲ್ಲಿ ಅದನ್ನು ಬದಲಿಸಿ, ಕೈಯಾಡಿಸಿದ್ದನ್ನು ತೋರಿಸಿಕೊಡುವ ಪೊಟ್ಟಣ ಎಂಬ ಅರ್ಥದ ಪದವನ್ನು ತಂದರು. ಹಟ ಹಿಡಿದವನನ್ನು ಪ್ಲಾಸ್ಟಿಕ್ ರಿಂಗ್ ತಡೆಯಲಾರದು, ಅದರಿಂದ ನಿರೀಕ್ಷಿಸಬಹುದಾದದ್ದು ಗುರುತು ಉಳಿಸುವುದನ್ನು ಮಾತ್ರ.

ನಮ್ಮ ದೇಶದ ಎಣ್ಣೆಯ ಕಥೆಯೂ ಅದೇ 1998ರದು. ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ವಿಷದ ಕಳೆಯ ಬೀಜದ ಎಣ್ಣೆ ಬೆರೆತು, ಕಾಲು ಬಾತು, ಹೃದಯ ಸೋತು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಕೇಂದ್ರದ ಆದೇಶ ಬಂದದ್ದು ಆ ವರ್ಷದಲ್ಲೇ. ಆದ್ದರಿಂದ ಅಕ್ಕನವರು ಆ ಬಾಟಲಿಯ ಎಣ್ಣೆಯನ್ನು ಚೆಲ್ಲದೆ ಪ್ರಯೋಗಾಲಯಕ್ಕೆ ಕೊಟ್ಟು ವರದಿ ಪಡೆಯಲಿ. ಕುಸುಬಿ ಎಣ್ಣೆಯಲ್ಲಿ ಲಿನೋಲೆಯಿಕ್ ಎಂಬ ಕೊಬ್ಬಿನಾಮ್ಲದ ಪಾಲು ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತನ್ನು ಮೀರಿರುತ್ತದೆ, ಪಾಮೆಣ್ಣೆಯಲ್ಲಿ ಅದು ಬಹಳ ಕಡಿಮೆ. ಕೊಬ್ಬಿನಾಮ್ಲಗಳ ಪರೀಕ್ಷೆಯಲ್ಲಿ ಬೆರಕೆ ಅಡಗಿ ಕೂರುವುದು ಕಷ್ಟ.

ಸಾಧ್ಯವಾದರೆ ರಿಂಗಿನ ಜೊತೆಗೆ ಬಾಯಿಗೆ ಇಂಡಕ್ಷನ್ ಫಾಯಿಲ್ ಹಾಕಿಸಿ. ಕ್ಯಾಪಿನ ಒಳಗಿರುವ ಅಲ್ಯೂಮಿನಿಯಂ ಹಾಳೆ ವಿದ್ಯುತ್ಕಾಂತ ಕ್ಷೇತ್ರದಲ್ಲಿ ಬಿಸಿಯಾಗಿ, ಅದರ ತಳದ ಪದರ ಕರಗಿ ಬಾಟಲಿಯ ಅಂಚಿಗೆ ಅಂಟುತ್ತದೆ. ಹರಿಯದೆ ಅದನ್ನು ತೆಗೆಯಲಾಗದು. ಗಾಳಿ ಸೋಕದಿರುವುದರಿಂದ ಬೇಗನೆ ಕಮಟು ಹಿಡಿಯುವ ಕುಸುಬಿ ಎಣ್ಣೆಗೆ ಇನ್ನೊಂದು ಲಾಭವೂ ಉಂಟು. ಪೆಟ್ ಬಾಟಲಿಗೆ ಅಂಟುವ ಪದರದ ಫಾಯಿಲನ್ನೇ ಕೇಳಿ ತರಬೇಕು, ಎಚ್‌ಡಿಪಿಇ ಡಬ್ಬಿಗೆ ಮಾಡಿದ್ದು ಇದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅಂಚಿನ ಮೇಲೆ ಎಣ್ಣೆಯ ಹನಿ ಉಳಿದಿದ್ದರೆ ಆ ಜಾಗದಲ್ಲಿ ಯಾವುದೂ ಹಿಡಿಯುವುದಿಲ್ಲ.

ಗಂಗಾವತಿಯ ಕಿರಾಣಿ ಅಂಗಡಿ

ಫಾಯಿಲ್ ಒಳ್ಳೆಯದೇ, ಆದರೆ ಕ್ಯಾಪ್ ತೆಗೆಯದೆ ಅದು ನಮಗೆ ಕಾಣುವುದಿಲ್ಲ. ನಮಗೆ ಹೊರಗಿನ ಗುರುತು ಬೇಕೇ ಬೇಕು. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕವಚ, ಅಂದರೆ ಶ್ರಿಂಕ್ ಸ್ಲೀವ್ ಹಾಕಿದರೆ ಸಾಲದೇ?

ರಾಯಚೂರಿನ ನೀರಿನ ಘಟಕದವರು

ಏನೂ ಮುದ್ರಿಸದ ಸಾದಾ ಸ್ಲೀವ್ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಬಿಸಿ ಗಾಳಿಯ ಗನ್ ಇದ್ದವರು ಯಾರು ಬೇಕಾದರೂ ಹೊಸದಾಗಿ ಹಾಕಬಹುದು. 20 ಲೀಟರಿನ ಕ್ಯಾನುಗಳ ವಿಷಯದಲ್ಲಿ ನಮಗೆ ಬಂದ ತೊಂದರೆ ಅದೇ. ನಿಮ್ಮ ಹೆಸರು ಮುದ್ರಿಸಿದ ಸ್ಲೀವ್ ಆದರೆ ಅಷ್ಟರ ಮಟ್ಟಿಗೆ ಉಪಯೋಗ. ಅದಕ್ಕಿಂತ ಸುಲಭವಾದದ್ದು, ಬಾಟಲಿಯ ಎಣ್ಣೆಯ ಬಣ್ಣಕ್ಕೆ ಎದ್ದು ಕಾಣುವ ಕಡುಹಸಿರು ಅಥವಾ ನೀಲಿ ಕ್ಯಾಪನ್ನು ಆರಿಸುವುದು. ಹರಿದ ಸೇತುವೆಯ ಬಿಳಚಿದ ತುದಿ ಕಡು ಬಣ್ಣದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ಕುಷ್ಟಗಿಯ ಗಾಣದಾಕೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉದ್ದ ಕೊರಳಿನ ಬಾಟಲಿಗಳನ್ನು ಅಂಗಡಿಗಳಿಂದ ಮರಳಿ ತರಿಸಿಕೊಂಡೆವು. 61 ಸಿಕ್ಕವು, ಉಳಿದವು ಮಾರಾಟವಾಗಿದ್ದವು. ಈಗ 17 ಮಿಲಿಮೀಟರಿನ ಕೊರಳನ್ನು ಮಾತ್ರ ಕೊಳ್ಳುತ್ತೇವೆ, ಚೀಲ ಬಂದ ದಿನ ಐದು ಬಾಟಲಿಗಳನ್ನು ಅಳೆಯುವ ಕೆಲಸವನ್ನು ಅದೇ ಹುಡುಗಿಗೆ ವಹಿಸಿದ್ದೇನೆ, ವರ್ನಿಯರ್ ಕೂಡ ಅವಳ ಹತ್ತಿರವೇ ಇರುತ್ತದೆ. ತುಂಬುವ ನಳಿಕೆಯ ತುದಿಯನ್ನು ಕೊರಳಿನ ಒಳಕ್ಕೆ ಇಳಿಯುವಂತೆ ಉದ್ದ ಮಾಡಿಸಿದ ಮೇಲೆ ಥ್ರೆಡ್ಡಿಗೆ ಎಣ್ಣೆ ಬೀಳುವುದು ಬಹುಮಟ್ಟಿಗೆ ನಿಂತಿದೆ. ಕಡುಹಸಿರು ಪಾಲಿಪ್ರೊಪಿಲೀನ್ ಕ್ಯಾಪ್ ತರಿಸಿ, ಮಧ್ಯಾಹ್ನದ ಹೊತ್ತಿನಲ್ಲಿ ತಗಡಿನ ಗೋದಾಮಿನೊಳಗೆ ನಿಂತು 48 ಬಾಟಲಿಗಳನ್ನು ತೆರೆದೆ. 47ರಲ್ಲಿ ರಿಂಗ್ ಹರಿಯಿತು. ಹರಿಯದ ಒಂದನ್ನು ಹಾಗೆಯೇ ತೆಗೆದಿಟ್ಟಿದ್ದೇನೆ. ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕೊಟ್ಟಾಗಿದೆ, ವರದಿ ಇನ್ನೂ ಬರಬೇಕು.

ಬಳ್ಳಾರಿಯ ಅಚ್ಚು ಕೆಲಸದವ

ಆ ಒಂದು ಬಾಟಲಿಯನ್ನು ಕ್ಯಾಪಿನ ಸಮೇತ ಕಳಿಸಿಕೊಡಿ ಅಕ್ಕನವರೇ. ಕೊರಳನ್ನು ಉದ್ದಕ್ಕೆ ಸೀಳಿ ಏಣಿನ ಕೆಳಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಪ್ರಿಫಾರ್ಮಿನ ತಳದಲ್ಲಿ ಅಚ್ಚಿನ ಮನೆಯ (ಒಂದೊಂದು ಪ್ರಿಫಾರ್ಮ್ ರೂಪುಗೊಳ್ಳುವ ಕುಳಿಯ) ಸಂಖ್ಯೆ ಸಣ್ಣದಾಗಿ ಮೂಡಿದ್ದರೆ ಅದನ್ನೂ ಬರೆದು ಕಳಿಸಿ; ಸವೆದದ್ದು ಒಂದೇ ಮನೆಯಾಗಿದ್ದರೆ ಅದೇ ಸಂಖ್ಯೆಯ ಬಾಟಲಿಗಳನ್ನು ಮಾತ್ರ ಚೀಲದಿಂದ ಆರಿಸಿ ತೆಗೆಯಬಹುದು.